ಬಡಾವಣೆಯ ಓದುಗರ ಬಳಗ ಮತ್ತು ಅದರ ತಿರುಗಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದಲ್ಲಿ ನಾವು ನಡೆಸುವ ಓದುಗರ ಬಳಗದ ಬಗ್ಗೆ ಪಾರ್ಕಿನಲ್ಲಿ, ಮದುವೆಮನೆಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಜನ ಕೇಳುತ್ತಲೇ ಇರುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಿಮ್ಮ ಬೀದಿಯಲ್ಲಿ ಇಂಥದ್ದೊಂದು ಶುರುವಾಗಲಿ ಎಂಬ ಆಸೆಯಿಂದಲೇ ಇದನ್ನು ಬರೆದಿದ್ದು.

## ಶುರು ಮಾಡುವವರಿಗೆ

ಪುಸ್ತಕ ಓದೋಕೆ ಗುಂಪು ಯಾಕೆ ಬೇಕು? ಮನೇಲಿ ಕೂತು ಓದಿದ್ರೆ ಸಾಲ್ದಾ?

ಓದಲು ಸಾಕು. ಓದಿದ ಮೇಲೆ ಹೊಟ್ಟೆಯೊಳಗೆ ಉಳಿಯುವ ಮಾತಿಗೆ ಮಾತ್ರ ಇನ್ನೊಬ್ಬರು ಬೇಕು. ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ರಾತ್ರಿ ಊಟ ಮುಗಿಸಿ ದೇವಸ್ಥಾನದ ಜಗಲಿಯಲ್ಲೋ ಊರ ಚಾವಡಿಯಲ್ಲೋ ಕುಮಾರವ್ಯಾಸನ ಭಾರತ ಓದಿಸಿ ಕೇಳುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಒಬ್ಬರು ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಅಕ್ಷರ ಬಾರದವರೂ ಕರ್ಣನ ಪರ, ಅರ್ಜುನನ ಪರ ವಾದಕ್ಕೆ ನಿಲ್ಲುತ್ತಿದ್ದರು. ಬಡಾವಣೆಯ ಬಳಗ ಅದೇ ಜಗಲಿಯ ಮುಂದುವರಿಕೆ ಎಂದು ನಾವು ನಂಬಿದ್ದೇವೆ.

ಇನ್ನೊಂದು ಕಾರಣವೂ ಇದೆ. ಎಷ್ಟೋ ವರ್ಷ ಒಂದೇ ರಸ್ತೆಯಲ್ಲಿದ್ದು ಗೇಟಿನ ಹತ್ತಿರ ತಲೆಯಾಡಿಸಿ ಹೋಗುವವರು, ಒಂದು ಕತೆಯ ನೆಪದಲ್ಲಿ ತಮ್ಮ ತಾಯಿಯ ಬಗ್ಗೆ, ಬಿಟ್ಟುಬಂದ ಊರಿನ ಬಗ್ಗೆ ಮಾತಾಡುತ್ತಾರೆ. ಅಂಥ ಪರಿಚಯ ಬೇರೆ ದಾರಿಯಲ್ಲಿ ಸುಲಭವಾಗಿ ಆಗುವುದಿಲ್ಲ.

ಎಷ್ಟು ಜನ ಇರಬೇಕು?

ನಾಲ್ಕು ಜನ ಸಾಕು. ಹನ್ನೆರಡು ದಾಟಿದರೆ ಎಲ್ಲರಿಗೂ ಮಾತಿನ ಸರದಿ ಬರುವುದಿಲ್ಲ. ಇಪ್ಪತ್ತಾದರೆ ಅದು ಸಭೆಯಾಗಿ, ಯಾರೋ ಮೈಕು ಬೇಕು ಎನ್ನುತ್ತಾರೆ. ಆಗ ಎರಡು ಬಳಗ ಮಾಡಿಕೊಳ್ಳಿ. ತಿರುಗಾಟಕ್ಕೆ ಮಾತ್ರ ಒಟ್ಟಿಗೆ ಹೊರಡಿ.

ಎಲ್ಲಿ ಸೇರೋದು? ಮನೇಲಿ ಸೇರಿದ್ರೆ ಮನೆಯವ್ರಿಗೆ ತಿಂಡಿ ಕೆಲಸ ಜಾಸ್ತಿ ಆಗಲ್ವಾ?

ಆಗುತ್ತದೆ. ಬಳಗಗಳು ಸೊರಗುವುದಕ್ಕೆ ಪುಸ್ತಕಕ್ಕಿಂತ ತಿಂಡಿಯೇ ಹೆಚ್ಚು ಕಾರಣ. ಮೊದಲ ಮನೆಯಲ್ಲಿ ಕಾಫಿ ಬಿಸ್ಕತ್ತು, ಎರಡನೆಯ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು, ಮೂರನೆಯ ಮನೆಯಲ್ಲಿ ಪೂರಿ ಸಾಗು. ನಾಲ್ಕನೆಯ ಮನೆಯವರು ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ, ಪುಸ್ತಕ ಅವರಿಗೆ ತಪ್ಪಿಹೋಗುತ್ತದೆ. ಐದನೆಯವರು "ಈ ತಿಂಗಳು ನಮ್ಮನೇಲಿ ಬೇಡ ರೀ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಮೊದಲ ದಿನವೇ ಕಟ್ಟುನಿಟ್ಟು ಮಾಡಿ: ಕಾಫಿ, ಜೊತೆಗೆ ಅಂಗಡಿಯಿಂದ ತಂದ ಒಂದೇ ಒಂದು ಕುರುಕಲು. ಕೋಡುಬಳೆಯೋ ಖಾರದ ಅವಲಕ್ಕಿಯೋ ಯಾವುದಾದರೂ ಸರಿ. ಲೋಟ ತೊಳೆಯುವುದು ಬಂದವರ ಕೆಲಸ, ಗಂಡಸರು ಸೇರಿದಂತೆ. ಎಲ್ಲರ ಮನೆಯೂ ಹತ್ತು ಜನ ಕೂರುವಷ್ಟು ದೊಡ್ಡದಿರುವುದಿಲ್ಲ. ಬಾಡಿಗೆಮನೆಯ ಮೊದಲ ಮಹಡಿಯಲ್ಲಿರುವವರಿಗೆ ಮುಜುಗರವಾಗಬಾರದು. ಪಾರ್ಕಿನ ಕಲ್ಲುಬೆಂಚು, ಬಡಾವಣೆ ಸಂಘದ ಕೋಣೆ, ಗ್ರಂಥಾಲಯ ಶಾಖೆಯ ಒಂದು ಮೂಲೆ, ಇವೆಲ್ಲ ಚೆನ್ನ. ಮಳೆಗಾಲದಲ್ಲಿ ಪಾರ್ಕು ನಂಬಬೇಡಿ.

ಯಾವ ದಿನ, ಎಷ್ಟು ಹೊತ್ತು?

ತಿಂಗಳಿಗೊಮ್ಮೆ, ಬದಲಾಗದ ದಿನ, ಒಂದೂವರೆ ಗಂಟೆ. ನಮ್ಮದು ಮೂರನೆಯ ಭಾನುವಾರ ಸಂಜೆ ನಾಲ್ಕೂವರೆ. ಎರಡನೆಯ ಶನಿವಾರ ರಜೆ ಇರುವುದರಿಂದ ಆ ವಾರಾಂತ್ಯ ಜನ ಊರಿಗೆ ಹೋಗುತ್ತಾರೆ. ಶ್ರಾವಣದಲ್ಲಿ ಹಬ್ಬಗಳ ಸಾಲು, ಮೈಸೂರಿನವರಿಗಂತೂ ದಸರೆಯಲ್ಲಿ ಮನೆ ತುಂಬ ನೆಂಟರು. ಆಗ ಒಂದು ತಿಂಗಳು ಬಿಟ್ಟರೂ ಸರಿಯೇ. "ಎಲ್ಲರಿಗೂ ಅನುಕೂಲವಾದ ದಿನ" ಹುಡುಕಲು ಹೋಗಬೇಡಿ, ಅಂಥ ದಿನ ಪಂಚಾಂಗದಲ್ಲಿ ಇಲ್ಲ.

ಪೂರ್ತಿ ಓದಿರ್ಲಿಲ್ಲ ಅಂದ್ರೂ ಬರಬಹುದಾ?

ಬನ್ನಿ. ಓದದವರು ಬರಬಾರದು ಎಂದು ನಿಯಮ ಮಾಡಿದ ಗುಂಪುಗಳಲ್ಲಿ ಮೊದಲು ಬಿಡುವವರು ಮನೆಗೆಲಸ, ಆಫೀಸು, ಮಕ್ಕಳ ಪರೀಕ್ಷೆ ಎಲ್ಲ ಹೊತ್ತ ಹೆಣ್ಣುಮಕ್ಕಳು. ಅರ್ಧ ಓದಿದವರು ಎಲ್ಲಿ ನಿಲ್ಲಿಸಿದೆವು, ಯಾಕೆ ನಿಲ್ಲಿಸಿದೆವು ಎಂದು ಹೇಳಲಿ. ಅದೂ ಪುಸ್ತಕದ ಬಗ್ಗೆ ಒಳ್ಳೆಯ ಮಾತೇ. ಒಂದು ಕರಾರು: ಕೊನೆ ಏನಾಯಿತು ಎಂದು ಬೇರೆಯವರು ಹೇಳಿದರೆ ಬೇಸರ ಮಾಡಿಕೊಳ್ಳಬಾರದು.

## ಪುಸ್ತಕದ ವಿಚಾರ

ಮೊದಲು ಯಾವ ಪುಸ್ತಕ ತಗೋಬೇಕು?

ಸಣ್ಣ ಕತೆ. ಒಂದೇ ಕತೆ, ಹತ್ತು ಹದಿನೈದು ಪುಟದ್ದು. ಕನ್ನಡದಲ್ಲಿ ಮಾಸ್ತಿಯವರಿಂದ ಹಿಡಿದು ಇಂದಿನವರ ತನಕ ಸಣ್ಣಕತೆಯ ಸಂಪತ್ತು ಎಷ್ಟಿದೆಯೆಂದರೆ ಒಂದು ಬಳಗ ಹತ್ತಾರು ವರ್ಷ ಬರೀ ಅದನ್ನೇ ಓದಬಹುದು. ಮೊದಲ ಆರು ತಿಂಗಳು ಕತೆ, ಆಮೇಲೆ ನೂರೈವತ್ತು ಪುಟದೊಳಗಿನ ಕಾದಂಬರಿ, ವರ್ಷ ಕಳೆದ ಮೇಲೆ ದೊಡ್ಡದು. ಉತ್ಸಾಹದಲ್ಲಿ ಏಳುನೂರು ಪುಟದ ಕಾದಂಬರಿಯಿಂದ ಶುರು ಮಾಡಿದರೆ ಎರಡನೆಯ ಭೇಟಿಗೆ ಮೂವರೇ ಬರುತ್ತಾರೆ. ಆಯ್ಕೆ ಸರದಿಯ ಮೇಲೆ ಇರಲಿ, ಮತದಾನ ಬೇಡ. ಮತ ಹಾಕಿದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಹೆಸರೇ ಗೆಲ್ಲುತ್ತದೆ.

ಎಲ್ಲರಿಗೂ ಪ್ರತಿ ಎಲ್ಲಿಂದ ತರೋದು? ಜೆರಾಕ್ಸ್ ಮಾಡಿಸಿ ಹಂಚಬಹುದಾ?

ಮೊದಲು ನಿಮ್ಮ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಲೆಕ್ಕದಲ್ಲಿ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ರಸೀದಿ ತೆಗೆದು ನೋಡಿ, ಅದರಲ್ಲೇ ಕಾಣುತ್ತದೆ. ನಾವು ದುಡ್ಡು ಕೊಟ್ಟು ಬಳಸದೆ ಬಿಟ್ಟಿರುವ ಸೌಲಭ್ಯ ಅದು. ಗ್ರಂಥಪಾಲಕರಿಗೆ ಬಳಗದ ಮುಂದಿನ ಮೂರು ತಿಂಗಳ ಪಟ್ಟಿ ಕೊಟ್ಟರೆ ಖುಷಿಯಿಂದ ಹುಡುಕಿಡುತ್ತಾರೆ. ಓದುಗರು ಬಂದು ಹೆಸರು ಹಿಡಿದು ಪುಸ್ತಕ ಕೇಳುವುದು ಅವರಿಗೂ ಸಂತೋಷವೇ.

ಕೊಳ್ಳುವುದಾದರೆ ಪ್ರಕಾಶಕರಿಗೇ ಫೋನ್ ಮಾಡಿ, ಹತ್ತು ಪ್ರತಿ ಒಟ್ಟಿಗೆ ಎಂದರೆ ರಿಯಾಯಿತಿ ಕೊಡುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ಅಗ್ಗ. ದಸರಾ ಹೊತ್ತಿನ ಪುಸ್ತಕ ಮೇಳ, ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ವರ್ಷಕ್ಕೆ ಬೇಕಾದ್ದನ್ನು ಒಟ್ಟಿಗೆ ತಂದುಕೊಳ್ಳಬಹುದು.

ಇಡೀ ಪುಸ್ತಕ ಜೆರಾಕ್ಸ್ ಮಾಡಿಸಬೇಡಿ, ವಾಟ್ಸಾಪಿನಲ್ಲಿ ತೇಲಿಬರುವ ಪಿಡಿಎಫ್ ಹಂಚಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ. 1901ರಲ್ಲಿ ತೀರಿಕೊಂಡ ಮುದ್ದಣ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, ಇಂಥವರ ಬರಹಗಳಿಗೆ ಆ ತಡೆ ಇಲ್ಲ. ಉಳಿದಂತೆ, ಸಾವಿರ ಪ್ರತಿ ಮಾರಾಟವಾದರೆ ಸಂಭ್ರಮಿಸುವ ಭಾಷೆಯಲ್ಲಿ ನಾವು ಕೊಂಡ ಹತ್ತು ಪ್ರತಿಗೂ ಬೆಲೆಯಿದೆ.

ನನ್ನ ಸೊಸೆಗೆ ಕನ್ನಡ ಮಾತು ಬರುತ್ತೆ, ಓದೋಕೆ ಬರಲ್ಲ. ಸೇರಿಸ್ಕೋತೀರಾ?

ಖಂಡಿತ. ಪ್ರತಿ ಭೇಟಿಯ ಮೊದಲ ಹದಿನೈದು ನಿಮಿಷ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಕಣ್ಣು ಮಂಜಾದ ಹಿರಿಯರಿಗೂ ಅದು ಬೇಕು. ಉಳಿದದ್ದನ್ನು ಸದಸ್ಯರಲ್ಲಿ ಒಬ್ಬರು ಧ್ವನಿಮುದ್ರಿಸಿ ಅವರೊಬ್ಬರಿಗೆ ಕಳಿಸುತ್ತಾರೆ. ಹೀಗೆ ಕಿವಿಯಲ್ಲಿ ಓದಿ ಬಂದವರು ಸಂಭಾಷಣೆಯ ಧಾಟಿಯನ್ನು ನಮಗಿಂತ ಚೆನ್ನಾಗಿ ಹಿಡಿಯುತ್ತಾರೆ.

ನಂಗೆ ವಿಮರ್ಶೆ ಗಿಮರ್ಶೆ ಬರಲ್ಲ. ಏನ್ ಮಾತಾಡ್ಲಿ?

ನಿಮ್ಮನ್ನು ತಟ್ಟಿದ ಒಂದು ಪುಟ ಹೇಳಿ, ಸಾಕು. ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಓದಿದಾಗ ಎಲ್ಲರೂ ಮದುವೆ, ಮತಾಂತರ, ಜಾತಿ ಎಂದು ಮಾತಾಡುತ್ತಿದ್ದರು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬರು, ಬ್ಯಾಂಕಿನಲ್ಲಿ ಅಟೆಂಡರಾಗಿದ್ದು ನಿವೃತ್ತರಾದವರು, ತಮ್ಮ ಸರದಿ ಬಂದಾಗ ಅದರಲ್ಲಿ ಬರುವ ಗುತ್ತಿ ಎಂಬ ಪಾತ್ರದ ನಾಯಿ ಹುಲಿಯನ ಬಗ್ಗೆ ಮಾತ್ರ ಹೇಳಿದರು. ತುಂಗೆಯ ನೆರೆಯಲ್ಲಿ ಅದು ಕೊಚ್ಚಿಹೋಗುವ ಭಾಗ ಬಂದಾಗ ಪುಸ್ತಕ ಮುಚ್ಚಿ ಎದ್ದುಹೋದರಂತೆ, ಎರಡು ದಿನ ಮುಟ್ಟಲಿಲ್ಲವಂತೆ. ಗುತ್ತಿಗೆ ಹೆಂಡತಿಯೂ ಬೇಕು, ನಾಯಿಯೂ ಬೇಕು, ದೋಣಿಯಲ್ಲಿ ಎರಡಕ್ಕೂ ಜಾಗ ಸಿಗದ ಬದುಕು ಅವನದು ಎಂದರು. ಆಮೇಲೆ ಆ ಕಾದಂಬರಿಯ ಬಗ್ಗೆ ಅದಕ್ಕಿಂತ ದೊಡ್ಡ ಮಾತು ಆ ಸಂಜೆ ಯಾರೂ ಆಡಲಿಲ್ಲ.

## ಮಾತು, ಮನಸ್ತಾಪ

ಒಬ್ರೇ ಪೂರ್ತಿ ಹೊತ್ತು ಮಾತಾಡ್ತಾರೆ, ಹಿರಿಯರು, ಹೇಗೆ ತಡೆಯೋದು?

ಸುತ್ತಿನ ಪದ್ಧತಿ ಇಡಿ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಮೂರು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಎರಡನೆಯ ಸುತ್ತಿನಲ್ಲಿ ಮುಕ್ತ ಮಾತು. ಮೇಷ್ಟ್ರಾಗಿದ್ದವರಿಗೆ ಮಾತು ನಿಲ್ಲಿಸುವುದು ಕಷ್ಟ. ಅಂಥವರಿಗೇ ಗಡಿಯಾರ ನೋಡಿಕೊಳ್ಳುವ ಹೊಣೆ ಕೊಡಿ. "ಸರ್, ಸಮಯ ನಿಮ್ಮ ಕೈಯಲ್ಲಿ" ಎಂದರೆ ಅವರು ತಮಗೇ ಮೊದಲು ನಿಯಮ ಹಾಕಿಕೊಳ್ಳುತ್ತಾರೆ. ಎಲ್ಲರೆದುರು ಹಿರಿಯರ ಮಾತು ತುಂಡರಿಸಬೇಡಿ. ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ಜಾತಿ, ಧರ್ಮ, ರಾಜಕೀಯ ಬಂದ್ರೆ ಏನ್ ಮಾಡ್ತೀರಾ?

ಬರಲೇಬೇಕು. ಕನ್ನಡದ ಒಳ್ಳೆಯ ಪುಸ್ತಕಗಳಲ್ಲಿ ಜಾತಿಯನ್ನು ಮುಟ್ಟದವು ಕಡಿಮೆ. ಅದನ್ನು ಬದಿಗಿಟ್ಟು ಓದುತ್ತೇವೆ ಎಂದರೆ ಪುಸ್ತಕವನ್ನೇ ಬದಿಗಿಟ್ಟ ಹಾಗೆ. ನಾವು ಹಿಡಿದುಕೊಂಡಿರುವ ಪಟ್ಟು ಇಷ್ಟೇ: ಮಾತು ಪುಟದ ಮೇಲಿರಲಿ. "ಈ ಪಾತ್ರ ಹೀಗೆ ಮಾಡಿದ್ದು ಯಾಕೆ?" ಎಂದು ಕೇಳಿ, "ನಿಮ್ಮವರು ಹೀಗೆ" ಎಂಬ ಮಾತು ಬಂದ ಕೂಡಲೆ ನಡೆಸುವವರು ಕಾಫಿ ತರಿಸಬೇಕು. ಪುಸ್ತಕದಲ್ಲಿ ಅವಮಾನಕ್ಕೊಳಗಾದವರ ಸಮುದಾಯದ ಸದಸ್ಯರು ಕೋಣೆಯಲ್ಲಿದ್ದಾಗ, ಅವರ ಅನುಭವ ಹೇಳಿ ಎಂದು ಒತ್ತಾಯಿಸಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಉತ್ತರ ಕೊಡಲು ಹೋಗಬೇಡಿ. ಈ ವಿಷಯದಲ್ಲಿ ಸೌಜನ್ಯಕ್ಕಿಂತ ಎಚ್ಚರ ದೊಡ್ಡದು.

ವಾಟ್ಸಾಪ್ ಗ್ರೂಪ್ ಬೇಕಾ?

ಬೇಕು, ಆದರೆ ದಿನಾಂಕ, ಜಾಗ, ಪುಸ್ತಕದ ಹೆಸರು ಇಷ್ಟಕ್ಕೆ. ನಡೆಸುವವರು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಮಾಡಿ. ಶುಭೋದಯದ ಹೂವುಗಳಿಗೆ ಬೇರೆ ಗ್ರೂಪು ಮಾಡಿಕೊಳ್ಳಲಿ.

## ತಿರುಗಾಟ

ಓದೋ ಗುಂಪಿಗೆ ಟ್ರಿಪ್ ಯಾಕೆ? ಮೊದಲ ಸಲ ಎಲ್ಲಿಗೆ ಹೋಗೋದು?

ಕೋಣೆಯಲ್ಲಿ ಮಾತಾಡದವರು ಬಸ್ಸಿನಲ್ಲಿ ಮಾತಾಡುತ್ತಾರೆ. ಪಕ್ಕದ ಸೀಟಿನವರ ಜೊತೆ ಎರಡು ಗಂಟೆ ಕೂತು, ಡಬ್ಬಿಯ ಪುಳಿಯೋಗರೆ ಹಂಚಿಕೊಂಡ ಮೇಲೆ ಮುಂದಿನ ತಿಂಗಳ ಚರ್ಚೆಯೇ ಬದಲಾಗುತ್ತದೆ.

ಮೊದಲನೆಯದು ಊರೊಳಗೇ ಅರ್ಧ ದಿನದ್ದಿರಲಿ. ನಮಗೆ ಮೈಸೂರಿನಲ್ಲಿ ಅನುಕೂಲ ಜಾಸ್ತಿ: ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು, ಪಕ್ಕದಲ್ಲೇ ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿ; ಅಲ್ಲಿಂದ ಯಾದವಗಿರಿಯಲ್ಲಿ 2016ರಿಂದ ವಸ್ತುಸಂಗ್ರಹಾಲಯವಾಗಿರುವ ಆರ್.ಕೆ. ನಾರಾಯಣ್ ಅವರ ಮನೆ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡವನ್ನೂ ನೋಡಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಯೇ, 1905ರಲ್ಲಿ. ಹಸ್ತಪ್ರತಿ ನೋಡಬೇಕಿದ್ದರೆ ಮೊದಲೇ ಅನುಮತಿ ಕೇಳಿ.

ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, 1915ರಲ್ಲಿ ಹುಟ್ಟಿ ಈಗ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು, ಗಾಂಧಿ ಬಜಾರಿನ ಪುಸ್ತಕದಂಗಡಿ, ಆಮೇಲೆ ವಿದ್ಯಾರ್ಥಿ ಭವನದ ದೋಸೆ. ಶುಕ್ರವಾರ ಹೋಗಬೇಡಿ, ಅವರಿಗೆ ರಜೆ. ಧಾರವಾಡದವರಿಗೆ ಸಾಧನಕೇರಿಯ ಬೇಂದ್ರೆ ಭವನ, 1890ರ ಕರ್ನಾಟಕ ವಿದ್ಯಾವರ್ಧಕ ಸಂಘ ನಡೆದುಹೋಗುವ ದೂರದಲ್ಲೇ ಇದ್ದ ಹಾಗೆ.

ಒಂದು ದಿನದಲ್ಲಿ ಹೋಗಿಬರೋ ಜಾಗ ಹೇಳಿ, ಪುಸ್ತಕಕ್ಕೆ ಸಂಬಂಧಪಟ್ಟಿದ್ದು.

ಪಾಂಡವಪುರದ ಹತ್ತಿರ ಹರಳಹಳ್ಳಿಯ ಪುಸ್ತಕ ಮನೆ. ಅಂಕೇಗೌಡರು ದುಡಿದದ್ದನ್ನೆಲ್ಲ ಸುರಿದು ಕೂಡಿಸಿದ ಲಕ್ಷಗಟ್ಟಲೆ ಪುಸ್ತಕ ಅಲ್ಲಿದೆ. ಬೆಂಗಳೂರು, ಮೈಸೂರು ಎರಡೂ ಕಡೆಯಿಂದ ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ರಾಶಿಗಳ ನಡುವೆ ಕಾಲಿಡುವಾಗ ಜೋಪಾನ, ಎತ್ತಿಕೊಂಡ ಪುಸ್ತಕವನ್ನು ಎತ್ತಿದ ಜಾಗದಲ್ಲೇ ಇಡಿ. ಬರಿಗೈಯಲ್ಲಿ ಹೋಗಬೇಡಿ, ನಿಮ್ಮ ಮನೆಯಲ್ಲಿ ಓದಿ ಮುಗಿದ ಪುಸ್ತಕಗಳಿದ್ದರೆ ಬೇಕೇ ಎಂದು ಮೊದಲು ವಿಚಾರಿಸಿ, ಬೇಕೆಂದರೆ ಒಯ್ಯಿರಿ.

ಕುಪ್ಪಳಿಗೆ ಕರ್ಕೊಂಡು ಹೋಗ್ಬೇಕು ಅಂತಿದೀವಿ. ಹೇಗೆ ಪ್ಲಾನ್ ಮಾಡೋದು?

ಎರಡು ರಾತ್ರಿ ಇಟ್ಟುಕೊಳ್ಳಿ. ಮೈಸೂರಿನಿಂದ ಶಿವಮೊಗ್ಗಕ್ಕೆ ತಾಳಗುಪ್ಪದ ರೈಲು, ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್ ಬಸ್ಸು. ಕುವೆಂಪು ಅವರ ಮನೆಯಿರುವ ಕುಪ್ಪಳಿ ಸಿಗುವುದು ತೀರ್ಥಹಳ್ಳಿ-ಕೊಪ್ಪ ರಸ್ತೆಯ ಗಡಿಕಲ್ಲಿನ ಹತ್ತಿರ. ಉಳಿಯುವ ವ್ಯವಸ್ಥೆಗೆ ಕುವೆಂಪು ಪ್ರತಿಷ್ಠಾನದ ಕಚೇರಿಯನ್ನು ವಾರಗಟ್ಟಲೆ ಮೊದಲೇ ಕೇಳಿ, ಇಲ್ಲವೆಂದರೆ ತೀರ್ಥಹಳ್ಳಿ ಪೇಟೆಯಲ್ಲಿ ಲಾಡ್ಜುಗಳಿವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಆಗುಂಬೆಯ ಮಗ್ಗುಲಿನ ಮಳೆ ಅದು, ಇಂಬಳದ (ಜಿಗಣೆಯ) ಕಾಟ ಬೇರೆ, ವಯಸ್ಸಾದವರು ಜಾರುತ್ತಾರೆ. ನವೆಂಬರ್ ಮಧ್ಯದಿಂದ ಫೆಬ್ರುವರಿ ಒಳ್ಳೆಯದು. ಕುವೆಂಪು ಹುಟ್ಟುಹಬ್ಬವಾದ ಡಿಸೆಂಬರ್ 29ರಂದು ಜನಜಂಗುಳಿ ಇರುತ್ತದೆ, ಅದನ್ನು ಬಿಟ್ಟು ವಾರದ ನಡುವಿನ ದಿನ ಹೋಗಿ.

ಮನೆಯನ್ನು ಅವಸರದಲ್ಲಿ ನೋಡಬೇಡಿ. ಮೂರಂತಸ್ತಿನ ತೊಟ್ಟಿಮನೆ. ಕೆಳಗಿನ ಕಂಬಗಳ ದಪ್ಪ, ಬಾಣಂತಿ ಕೋಣೆ, ಭತ್ತದ ಪಣತ, ಉಪ್ಪಿನಕಾಯಿ ಜಾಡಿ ಇವನ್ನು ನೋಡಿದ ಮೇಲೆ ಕಾದಂಬರಿಯ ಹೆಗ್ಗಡೆಮನೆಗಳು ಕಣ್ಣಿಗೆ ಕಟ್ಟುತ್ತವೆ. ಕವಿ ಹುಟ್ಟಿದ್ದು ಈ ಮನೆಯಲ್ಲಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ.

ಕವಿಶೈಲಕ್ಕೆ ಸಂಜೆ ಹತ್ತಿ. ಕವಿಯ ಸಮಾಧಿ ಇರುವ ಜಾಗ, ದನಿ ತಗ್ಗಿರಲಿ. ಅಲ್ಲಿ ಚರ್ಚೆ ಇಟ್ಟುಕೊಳ್ಳಬೇಡಿ, ಒಬ್ಬರು ಎರಡು ಪುಟ ಓದಲಿ, ಅಷ್ಟೇ. ಹತ್ತಿರದಲ್ಲೇ ತೇಜಸ್ವಿಯವರ ಸ್ಮಾರಕವೂ ಇದೆ. ಹೊರಡುವ ಮೊದಲು ಎಲ್ಲರೂ ಒಂದಾದರೂ ಅಧ್ಯಾಯ ಓದಿರಬೇಕು ಎಂಬುದನ್ನು ಮಾತ್ರ ಸಡಿಲಿಸಬೇಡಿ. ಓದದೆ ಹೋದವರಿಗೆ ಅದು ಒಂದು ಹಳೆಯ ಮನೆ ಮಾತ್ರ.

ಟ್ರಿಪ್ಪಿನ ದುಡ್ಡಿನ ಲೆಕ್ಕ ಹೇಗೆ? ಯಾವಾಗ್ಲೂ ಅದ್ರಲ್ಲೇ ಜಗಳ ಆಗತ್ತೆ.

ಹೊರಡುವ ಮುನ್ನ ತಲಾ ಎಷ್ಟು ಎಂದು ಹೇಳಿ, ಅರ್ಧ ಮುಂಗಡ ತೆಗೆದುಕೊಳ್ಳಿ. ಕೊನೆ ಗಳಿಗೆಯಲ್ಲಿ ಬರದಿದ್ದರೆ ಗಾಡಿಯ ಪಾಲು ವಾಪಸ್ಸಿಲ್ಲ, ಊಟದ ಪಾಲು ವಾಪಸ್ಸು. ಮರಳಿದ ಎರಡು ದಿನದೊಳಗೆ ಬಿಲ್ಲುಗಳ ಫೋಟೊ ಸಮೇತ ಲೆಕ್ಕ ಎಲ್ಲರಿಗೂ ಹೋಗಬೇಕು, ಉಳಿದ ಐವತ್ತು ರೂಪಾಯಿ ಕೂಡ. ಟಿಟಿ (ಟೆಂಪೋ ಟ್ರಾವೆಲರ್) ಮಾಡುವುದಾದರೆ ಹಳದಿ ಬೋರ್ಡಿನದೇ ಇರಲಿ; ಕಿಲೋಮೀಟರ್ ದರ, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್, ಚಾಲಕರ ಬತ್ತಾ, ಟೋಲು ಯಾರದ್ದು ಎಂಬುದನ್ನೆಲ್ಲ ಬರವಣಿಗೆಯಲ್ಲಿ ಪಡೆಯಿರಿ. ಚಾಲಕರ ಊಟ ನಮ್ಮ ಜೊತೆಯಲ್ಲೇ.

ಹತ್ತಿರದ ಊರಾದರೆ ಕೆಂಪು ಬಸ್ಸೇ ಮೇಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. "ದುಡ್ಡು ಕೇಳಬೇಕಲ್ಲ" ಎಂದು ಹಿಂದೆ ಸರಿಯುತ್ತಿದ್ದ ನಮ್ಮ ಬಳಗದ ಎಷ್ಟೋ ಗೃಹಿಣಿಯರು ಈಗ ಮೊದಲು ಹೆಸರು ಕೊಡುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇವೆ.

ನಮ್ಮಮ್ಮನಿಗೆ 74. ಅವರನ್ನ ಕಳಿಸಬಹುದಾ?

ಕಳಿಸಿ. ಪ್ರತಿ ಹಿರಿಯರಿಗೂ ಒಬ್ಬ ಜೊತೆಗಾರರನ್ನು ಗೊತ್ತು ಮಾಡುತ್ತೇವೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲುತ್ತದೆ, ಅದೂ ಶೌಚಾಲಯ ಚೆನ್ನಾಗಿರುವ ಹೋಟೆಲಿನಲ್ಲಿ. ಮಾತ್ರೆಯ ಪಟ್ಟಿ, ಮನೆಯವರ ನಂಬರು ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ಮಲೆನಾಡಿನಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ.

## ಬಳಗ ಬೇರುಬಿಟ್ಟ ಮೇಲೆ

ಲೇಖಕರನ್ನ ಕರೆಸೋದು ಹೇಗೆ?

ಪ್ರಕಾಶಕರ ಮೂಲಕ ಕೇಳಿದರೆ ಬಹಳಷ್ಟು ಲೇಖಕರು ಬರುತ್ತಾರೆ. ಹೋಗಿಬರುವ ಖರ್ಚು ಕೇಳದೆಯೇ ಕೊಡಿ. ಶಾಲು, ಹಾರ, ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಅವರ ಪುಸ್ತಕದ ಇಪ್ಪತ್ತು ಪ್ರತಿ ಕೊಳ್ಳಿ. ಬಂದವರೆಲ್ಲ ಆ ಪುಸ್ತಕ ಓದಿರಬೇಕು. ಸ್ವಾಗತ ಭಾಷಣ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಬೇಡ.

ಹಳಗನ್ನಡ, ನಡುಗನ್ನಡ ಓದೋ ಆಸೆ. ಯಾರಿಗೂ ಬರಲ್ಲ.

ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳನ್ನು ಹುಡುಕಿ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮೈಸೂರು, ಬೆಂಗಳೂರಿನಲ್ಲೂ ಗಮಕ ಕಲಿತವರು ಇದ್ದಾರೆ, ಕರೆಯುವವರು ಕಡಿಮೆ. ಕಣ್ಣಿನಲ್ಲಿ ಓದಿದಾಗ ಕಗ್ಗಂಟಾದ ಭಾಮಿನಿ ಷಟ್ಪದಿ ಕಿವಿಗೆ ಬಿದ್ದಾಗ ಅರ್ಧ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಒಂದು ಭೇಟಿಗೆ ಹತ್ತು ಪದ್ಯ, ವಾಚನ, ವ್ಯಾಖ್ಯಾನ, ನಡುವೆ ಪ್ರಶ್ನೆ. ಹೆಚ್ಚು ಬೇಡ.

ಅಮೆರಿಕದಲ್ಲಿರೋ ಮಗ ನಾನೂ ಸೇರ್ತೀನಿ ಅಂತಾನೆ.

ನಮ್ಮ ಸಂಜೆ ಆರೂವರೆ ಎಂದರೆ ನ್ಯೂಯಾರ್ಕಿನಲ್ಲಿ ಬೇಸಿಗೆಗೆ ಬೆಳಗ್ಗೆ ಒಂಬತ್ತು, ಚಳಿಗಾಲಕ್ಕೆ ಎಂಟು. ಮೂರು ತಿಂಗಳಿಗೊಮ್ಮೆ ಅವರಿಗಾಗಿ ಬೇರೆ ಆನ್‌ಲೈನ್ ಭೇಟಿ ಇಡಿ. ಮಾಮೂಲಿ ಭೇಟಿಯ ನಡುವೆ ಫೋನನ್ನು ಲೋಟಕ್ಕೆ ಒರಗಿಸಿಟ್ಟರೆ ಅವರಿಗೂ ಕೇಳಿಸುವುದಿಲ್ಲ, ಇಲ್ಲಿನವರ ಮಾತೂ ಕೆಡುತ್ತದೆ.

ಸಂಘ ಅಂತ ರಿಜಿಸ್ಟರ್ ಮಾಡಿಸ್ಬೇಕಾ?

ಪುಸ್ತಕ ಓದಲು, ಊರು ಸುತ್ತಲು ಬೇಡ. ಸಂಘದ ಹೆಸರಿನಲ್ಲಿ ದೇಣಿಗೆ, ಅನುದಾನ ತೆಗೆದುಕೊಳ್ಳುವ ಯೋಚನೆ ಇದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು. ಆಗ ಬೈಲಾ, ವಾರ್ಷಿಕ ಸಭೆ, ಲೆಕ್ಕಪರಿಶೋಧನೆ ಎಲ್ಲ ಬರುತ್ತವೆ, ಅಧ್ಯಕ್ಷರು ಯಾರು ಎಂಬ ಪ್ರಶ್ನೆಯೂ. ನಾವು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ.

ಎರಡು ವರ್ಷ ಚೆನ್ನಾಗಿ ನಡೀತು, ಈಗ ನಾಲ್ಕೈದು ಜನ ಬರ್ತಾರೆ. ನಿಲ್ಲಿಸಿಬಿಡೋಣ್ವಾ?

ನಾಲ್ಕು ಜನ ಬರುತ್ತಿದ್ದರೆ ಬಳಗ ಇದೆ. ಬಾರದವರಿಗೆ ಗ್ರೂಪಿನಲ್ಲಿ ಸಂದೇಶ ಹಾಕುವ ಬದಲು ಒಬ್ಬೊಬ್ಬರ ಮನೆಗೆ ಹೋಗಿ, "ನೀವು ಬರದೆ ಬಹಳ ದಿನ ಆಯ್ತಲ್ಲ" ಎಂದು ಮಾತಾಡಿಸಿ ಬನ್ನಿ. ಕಾರಣ ಸಾಮಾನ್ಯವಾಗಿ ಪುಸ್ತಕವಾಗಿರುವುದಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಮೊಮ್ಮಗುವನ್ನು ನೋಡಿಕೊಳ್ಳಬೇಕು, ಸಂಜೆಯ ಹೊತ್ತಿನಲ್ಲಿ ಒಬ್ಬರೇ ಬರಲು ಭಯ. ಕರೆದುಕೊಂಡು ಬರುವವರೊಬ್ಬರು ಸಿಕ್ಕರೆ ಅರ್ಧ ಜನ ಮರಳುತ್ತಾರೆ. ನಡೆಸುವವರು ದಣಿದಿದ್ದರೆ ಚಾರ್ಜು ಬೇರೆಯವರಿಗೆ ಕೊಟ್ಟು ಆರು ತಿಂಗಳು ಸುಮ್ಮನೆ ಓದುಗರಾಗಿ ಕೂರಿ. ಮುಂದಿನ ತಿಂಗಳಿಗೆ ಎಂಟು ಪುಟದ ಒಂದು ಕತೆ ಆರಿಸಿ, ದಿನ ಬದಲಾಯಿಸಬೇಡಿ.